ಸುಳ್ಳು ತೂಕಕ್ಕೆ ಒಂದು ಬೋರ್ಡು, ನಿಜ ತೂಕಕ್ಕೆ ಇನ್ನೊಂದು

ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ನಾನೀಗ ಇಟ್ಟುಕೊಂಡಿರೋದು ರೋನಿಕ್ಸ್ ಕಂಪನಿಯ ಡಿಸ್ಟ್ರಿಕ್ಟ್ ಅನ್ನೋ ವೇಕ್‌ಬೋರ್ಡು (ದೋಣಿ ಹಿಂದೆ ನೀರ ಮೇಲೆ ನಿಂತು ಜಾರೋ ಹಲಗೆ), 134 ಸೆಂಟಿಮೀಟರಿನದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಹೆಚ್ಚುಕಮ್ಮಿ ಪ್ರತಿ ಶನಿವಾರ ಬೆಳಗ್ಗೆ ಓಡಿಸಿದ್ದೀನಿ. ಬಿದ್ದು ಎದ್ದು ಒಂದು ಹಂತಕ್ಕೆ ಬಂದಿರೋರು, "ಇನ್ನು ಬಾಡಿಗೆ ಬೋರ್ಡು ಸಾಕು, ನಂದೇ ಒಂದು ಬೇಕು" ಅನ್ನೋರು ಕಣ್ಣುಮುಚ್ಚಿ ತಗೋಬಹುದು. ಕಣ್ಣುಮುಚ್ಚಬಾರದ್ದು ಸೈಜಿನ ವಿಷಯದಲ್ಲಿ. ಅದರ ಕತೆಯೇ ಮುಂದಿನದು.

ನಾನಿರೋದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಹುಟ್ಟಿ ಬೆಳೆದದ್ದು ಸಾಗರ. ವಯಸ್ಸು ನಲವತ್ತೊಂದು. ವೇಕ್‌ಬೋರ್ಡಿಂಗ್ ಅಂದ್ರೆ ಏನು ಅಂತ ಅಮ್ಮನಿಗೆ ವಿಡಿಯೋ ಕಾಲಲ್ಲಿ ವಿವರಿಸೋಕೆ ಹೋಗಿ ಸೋತೆ. ಬೋರ್ಡನ್ನ ಕ್ಯಾಮೆರಾ ಮುಂದೆ ಹಿಡಿದ್ರೆ, "ಎಂತದೇ ಅದು, ಊಟದ ಮಣೆ ಇದ್ದಂಗಿದೆ" ಅಂದ್ರು. ಕೊನೆಗೆ ಕೈಹಿಡಿದದ್ದು ಅಡಿಕೆ ಹಾಳೆ. ಚಿಕ್ಕವರಿದ್ದಾಗ ಹಾಳೆ ಮೇಲೆ ಒಬ್ಬರು ಕೂತ್ಕೊಳ್ಳೋದು, ಇನ್ನೊಬ್ಬರು ಸೋಗೆ ಹಿಡ್ಕೊಂಡು ಅಂಗಳ ಪೂರ್ತಿ ಎಳೆಯೋದು ಮಾಡ್ತಿದ್ವಲ್ಲ, ಅದೇ ಇದು. ಅಂಗಳದ ಬದಲು ಕೆರೆ, ಎಳೆಯೋಕೆ ಅಣ್ಣನ ಬದಲು ದೋಣಿ, ಕೂರೋ ಬದಲು ಅಡ್ಡ ನಿಲ್ಲೋದು. "ಅದಕ್ಕೆ ದುಡ್ಡು ಬೇರೆ ಕೊಡ್ತಾರಾ?" ಅಂತ ಕೇಳಿದ್ರು. ಕೊಡ್ತಾರೆ.

ಈ ಊರಿಗೂ ಈ ಆಟಕ್ಕೂ ಹಳೇ ನಂಟಿದೆ. 1985ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಟೋನಿ ಫಿನ್ ಅನ್ನೋರು ದೋಣಿ ಹಿಂದೆ ಎಳೆಸಿಕೊಳ್ಳೋಕೆ ಅಂತ 'ಸ್ಕರ್ಫರ್' ಅನ್ನೋ ಹಲಗೆ ಮಾಡಿದಾಗ, ಹೆಚ್ಚುಕಮ್ಮಿ ಅದೇ ಹೊತ್ತಲ್ಲಿ ಇಲ್ಲಿ ಆಸ್ಟಿನ್‌ನ ಜಿಮ್ಮಿ ರೆಡ್‌ಮನ್ ಕೂಡ ಅಂಥದ್ದೇ ಒಂದನ್ನ ಮಾಡ್ತಿದ್ರು. ಈಗ ನಾವು ಬಳಸೋ ಬೋರ್ಡುಗಳ ಮುಂದೂ ಹಿಂದೂ ಒಂದೇ ಥರ ಇದ್ಯಲ್ಲ, ಆ ಎರಡು ಮೂತಿಯ ಆಕಾರ ತಂದದ್ದು ಇದೇ ರೆಡ್‌ಮನ್, 1993ರಲ್ಲಿ. ಅದಕ್ಕೆ ಮೊದಲು ಸರ್ಫ್‌ಬೋರ್ಡಿನ ಹಾಗೆ ಮೂತಿ ಬೇರೆ, ಬಾಲ ಬೇರೆ. ಎಡಗಾಲು ಮುಂದಾದ್ರೂ ಬಲಗಾಲು ಮುಂದಾದ್ರೂ ಬೋರ್ಡು ಒಂದೇ ಥರ ಓಡೋ ಸೌಕರ್ಯ ಅಲ್ಲಿಂದ ಬಂತು.

ಈಗ ಮೊದಲನೇ ಬೋರ್ಡಿನ ಕತೆ.

ಮೊದಲ ಬೇಸಿಗೆ ಪೂರ್ತಿ ಸಹೋದ್ಯೋಗಿಯ ದೋಣಿಯಲ್ಲಿದ್ದ ಹಳೇ ಬೋರ್ಡಲ್ಲೇ ಕಲಿತೆ. ನೀರಿಂದ ಎದ್ದು ನಿಲ್ಲೋಕೆ ಬಂತು, ದೋಣಿ ಎಬ್ಬಿಸೋ ಎರಡು ಅಲೆಗಳ ನಡುವೆ ನೇರ ಹೋಗೋಕೆ ಬಂತು, ಹೆದರ್ಕೊಂಡು ಅಲೆ ದಾಟಿ ಹೊರಗೆ ಹೋಗಿ ಬರೋಕೂ ಬಂತು. ಚಳಿಗಾಲದಲ್ಲಿ ಒಂದು ಆನ್‌ಲೈನ್ ಅಂಗಡಿಯಲ್ಲಿ ಸೀಸನ್ ಮುಗಿದ ರಿಯಾಯಿತಿ ಕಾಣಿಸ್ತು. 'ಪ್ರೊ' ಅಂತ ದೊಡ್ಡದಾಗಿ ಬರೆದ ಬೋರ್ಡು, ಅರ್ಧ ಬೆಲೆ, ಕಾಲು ಹಿಡಿದಿಡೋಕೆ ಬೋರ್ಡಿಗೆ ಕೂರಿಸೋ ಬೂಟು ಸಮೇತ 260 ಡಾಲರ್. ಅಂಗಡಿ ಹೆಸರೂ ಬೇಡ, ಕಂಪನಿ ಹೆಸರೂ ಬೇಡ. ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು.

ಪುಟದ ಕೆಳಗೆ ತೂಕ ತುಂಬೋ ಒಂದು ಡಬ್ಬಿ ಇತ್ತು. 130 ಪೌಂಡ್ ಅಂತ ಟೈಪ್ ಮಾಡಿದೆ. ಅಂದ್ರೆ 59 ಕೆ.ಜಿ. ನಂಗೆ 59 ಕೆ.ಜಿ ಇದ್ದದ್ದು ಮಗಳು ಹುಟ್ಟೋಕ್ಕೆ ಮೊದಲು, ಮತ್ತು ಆ ಮಗಳು ಈಗ ಹೈಸ್ಕೂಲು. ನಿಜವಾದ ತೂಕ 67. ಯಾರೂ ನೋಡ್ತಿರಲಿಲ್ಲ, ಗಂಡನೂ ಪಕ್ಕದಲ್ಲಿರಲಿಲ್ಲ. ಒಂದು ಕಂಪ್ಯೂಟರಿಗೆ ಸುಳ್ಳು ಹೇಳಿದೆ. ಅದು ನನ್ನನ್ನ ನಂಬಿ 128 ಸೆಂಟಿಮೀಟರಿನ ಬೋರ್ಡು ಕಳಿಸ್ತು.

ವೇಕ್‌ಬೋರ್ಡಿಗೆ ಎತ್ತರ ಲೆಕ್ಕವಲ್ಲ, ತೂಕವೇ ಲೆಕ್ಕ. ಬೋರ್ಡು ನಿಮ್ಮನ್ನ ಹೊತ್ತು ನೀರಿನ ಮೇಲೆ ತೇಲಿ ಜಾರಬೇಕು. ಚಿಕ್ಕದಾದಷ್ಟೂ ನೀರಲ್ಲಿ ಹೆಚ್ಚು ಮುಳುಗಿ ಕೂರತ್ತೆ. ಏಳೋಕೆ ಹೆಚ್ಚು ಎಳೆತ ಬೇಕು, ತೋಳು ಕಿತ್ತು ಬರತ್ತೆ, ಹಾರಿ ಇಳಿದಾಗ ಮೂತಿ ನೀರೊಳಗೆ ನುಗ್ಗತ್ತೆ. ದೊಡ್ಡದಾದ್ರೆ ಸುಲಭಕ್ಕೆ ಏಳ್ತೀರಿ, ಇಳಿಯುವಾಗ ಮೆತ್ತಗಿರತ್ತೆ, ಆದರೆ ತಿರುಗೋದು ನಿಧಾನ, ಗಾಳಿಯಲ್ಲಿ ಸುತ್ತೋಕೆ ಭಾರ. ಚಾರ್ಟುಗಳಲ್ಲಿ ಒಂದು ಸೈಜಿನ ತೂಕ ಇನ್ನೊಂದರ ಮೇಲೆ ಹೊದ್ದುಕೊಂಡಿರತ್ತೆ. ಗಡಿಯಲ್ಲಿದ್ದೀರಿ ಅಂದ್ರೆ, ಕಲಿಯೋ ಹಂತದಲ್ಲಿ ದೊಡ್ಡದನ್ನೇ ತಗೊಳ್ಳಿ. ಲೈಫ್ ಜಾಕೆಟ್ಟು, ನೀರು ಕುಡಿದ ಬೂಟು ಯಾವ ಚಾರ್ಟಿನಲ್ಲೂ ಇಲ್ಲ, ಆದರೆ ಕಾಲಡಿಯ ಹಲಗೆ ಅವನ್ನೂ ಹೊರಬೇಕು.

ಸೈಜೊಂದೇ ಆಗಿದ್ರೆ ಹೇಗೋ ಸುಧಾರಿಸ್ತಿದ್ದೆ. ಇನ್ನೊಂದು ಎಡವಟ್ಟು ರಾಕರ್. ಬೋರ್ಡನ್ನ ನೆಲದ ಮೇಲಿಟ್ಟು ಬದಿಯಿಂದ ನೋಡಿದ್ರೆ ಎರಡೂ ತುದಿ ಮೇಲಕ್ಕೆ ಬಾಗಿರತ್ತಲ್ಲ, ಆ ಬಾಗಿಗೆ ರಾಕರ್ ಅಂತಾರೆ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕಂಟಿನ್ಯುಯಸ್: ತೂಗುವ ತೊಟ್ಟಿಲಿನ ಅಡಿಯ ಹಾಗೆ ತುದಿಯಿಂದ ತುದಿಗೆ ಒಂದೇ ಬಾಗು. ನೀರು ಎಲ್ಲೂ ತಡವರಿಸದೆ ಅಡಿಯಲ್ಲಿ ಹರಿದುಹೋಗತ್ತೆ, ಹಾಗಾಗಿ ವೇಗ ಹೆಚ್ಚು, ತಿರುವು ನಯ, ಮುಂದೆ ಏನಾಗತ್ತೆ ಅಂತ ಕಾಲಿಗೆ ಮೊದಲೇ ಗೊತ್ತಾಗತ್ತೆ. ಇನ್ನೊಂದು ತ್ರೀ-ಸ್ಟೇಜ್: ನಡುವೆ ಚಪ್ಪಟೆ, ಎರಡೂ ಕಡೆ ಸಟಕ್ಕನೆ ಮೇಲಕ್ಕೆ ಮಡಚಿದ್ದು, ಹಾಳೆ ತಟ್ಟೆಯ ಅಂಚಿನ ಹಾಗೆ. ಇದು ನೀರನ್ನ ತಳ್ಳಿಕೊಂಡು ಹೋಗತ್ತೆ, ಸ್ವಲ್ಪ ನಿಧಾನ. ಆದರೆ ಅಲೆಯ ನೆತ್ತಿಗೆ ಬಂದಾಗ ಯಾರೋ ಕೆಳಗಿಂದ ಒದ್ದ ಹಾಗೆ ನೇರ ಮೇಲಕ್ಕೆ ಎಸೆಯತ್ತೆ. ಇವೆರಡರ ನಡುವಿನ ಹೈಬ್ರಿಡ್‌ಗಳೂ ಇವೆ.

ಆ ಒದೆತ ಗೊತ್ತಿದ್ದವರಿಗೆ ವರ. ನಂಗೆ ಗೊತ್ತಿರಲಿಲ್ಲ. ನನ್ನ 'ಪ್ರೊ' ಬೋರ್ಡು ತ್ರೀ-ಸ್ಟೇಜ್, ಅದರ ಮೇಲೆ ಅಂಚು ಪೂರ್ತಿ ಚೂಪು, ಅಡಿಯಲ್ಲಿ ಫಿನ್‌ಗಳು (ಬೋರ್ಡನ್ನ ಸೀದಾ ಹಿಡಿದಿಡೋ ರೆಕ್ಕೆಗಳು) ಗಿಡ್ಡ. ಮೂರನೇ ಶನಿವಾರ ಲೇಕ್ ಆಸ್ಟಿನ್‌ನಲ್ಲಿ, 360 ರಸ್ತೆಯ ಆ ತುಕ್ಕುಬಣ್ಣದ ಪೆನ್ನಿಬ್ಯಾಕರ್ ಸೇತುವೆ ಹತ್ತಿರ, ಹಿಮ್ಮಡಿ ಒತ್ತಿ ಹೊರಗೆ ಹೋಗಿದ್ದವಳು ಬೆರಳ ಕಡೆಗೆ ಭಾರ ಬದಲಿಸೋಕೆ ಹೋದೆ. ಬದಲಿಸೋ ಆ ಒಂದು ಕ್ಷಣ ಬೋರ್ಡು ಪೂರ್ತಿ ಚಪ್ಪಟೆ ಇರತ್ತೆ. ಆಗ ನೀರಿನಲ್ಲೊಂದು ಚಿಕ್ಕ ಸುಕ್ಕು ಬಂತು ಅಷ್ಟೇ. ಮುಂದಿನ ಅಂಚು ಅದನ್ನ ಕಚ್ಚಿತು. ಬೀಳ್ತಿದ್ದೀನಿ ಅಂತ ತಿಳಿಯೋಕೂ ಸಮಯ ಸಿಗಲ್ಲ. ನಿಂತಿದ್ದೆ, ಆಮೇಲೆ ಕಿವಿಯೊಳಗೆ ನೀರಿತ್ತು. ಕೆನ್ನೆಗೆ ಹೊಡೆದ ಹೊಡೆತಕ್ಕೆ ಎಡಗಣ್ಣಿನ ರೆಪ್ಪೆ ತಿರುಗಿಸಿ ಹಾಕಿದಂಗಾಗಿತ್ತು. ಸಂಜೆವರೆಗೆ ದವಡೆ ನೋವು, ಊಟಕ್ಕೆ ಮೊಸರನ್ನ.

ಬೀಳೋದು ಈ ಆಟದಲ್ಲಿ ದೊಡ್ಡದಲ್ಲ. ಬಿದ್ದದ್ದು ಯಾಕೆ ಅಂತ ಅರ್ಥವಾಗದೆ ಇರೋದು ದೊಡ್ಡದು. ಆರು ವಾರ ಅದೇ ಬೋರ್ಡಲ್ಲಿ ಬಿದ್ದು, ನಂಗೆ ವಯಸ್ಸಾಯ್ತು ಅಂತ ತೀರ್ಮಾನಕ್ಕೆ ಬಂದಿದ್ದೆ. ವಾಪಸ್ ಕೊಡೋಣ ಅಂದ್ರೆ ಅಂಗಡಿಯವರು "ಬೂಟು ಕೂರಿಸಿದ ಗುರುತಿದೆ" ಅಂತ ಒಪ್ಪಲಿಲ್ಲ.

ಆ ಬೂಟಿಗೂ ಎರಡು ಮಾತು ಸಲ್ಲಬೇಕು. ಬೋರ್ಡಿನ ಬೆಲೆ ನೋಡಿ ಬೂಟನ್ನ ಪುಕ್ಕಟೆ ಅಂದುಕೊಳ್ಳೋದು ದೊಡ್ಡ ಮೋಸ. ನಂಗೆ ಬಂದದ್ದು ಬೆರಳು ಹೊರಗೆ ಕಾಣೋ ಓಪನ್-ಟೋ ಮಾದರಿ. ಎರಡು ಮೂರು ಸೈಜಿನ ಕಾಲಿಗೂ ಆಗತ್ತೆ, ಅದಕ್ಕೇ ಬಾಡಿಗೆಗೆ ಕೊಡೋರೆಲ್ಲ ಅದನ್ನೇ ಇಡ್ತಾರೆ. ಓಪನ್-ಟೋ ಅನ್ನೋದೇನೂ ದೋಷವಲ್ಲ. ನಂದು ಸಡಿಲವಾಗಿತ್ತು, ಅದು ದೋಷ. ಹಿಮ್ಮಡಿ ಒಂದು ಬೆರಳಷ್ಟು ಮೇಲೇಳ್ತಿತ್ತು. ನಾನು ಹಿಮ್ಮಡಿ ಒತ್ತಿದ್ದು ಬೋರ್ಡಿಗೆ ತಲುಪೋಕ್ಕೆ ಮೊದಲು ಬೂಟಿನೊಳಗೇ ಕಳೆದುಹೋಗ್ತಿತ್ತು. ಅದಕ್ಕಿಂತ ಕೆಟ್ಟದ್ದು, ಒಮ್ಮೆ ಬಿದ್ದಾಗ ಒಂದು ಕಾಲು ಕಿತ್ತು ಬಂತು, ಇನ್ನೊಂದು ಉಳೀತು. ಎರಡೂ ಬಂದ್ರೆ ಕ್ಷೇಮ, ಎರಡೂ ಉಳಿದ್ರೂ ಕ್ಷೇಮ. ಒಂದೇ ಉಳಿದ್ರೆ ಇಡೀ ಬೋರ್ಡು ಮಂಡಿಯನ್ನ ಒಗೆದ ಬಟ್ಟೆ ಹಿಂಡಿದ ಹಾಗೆ ಹಿಂಡತ್ತೆ. ಎರಡು ವಾರ ಮೆಟ್ಟಿಲು ಹತ್ತುವಾಗ ಗೋಡೆ ಹಿಡ್ಕೊಂಡೆ.

ಮುಂದಿನ ಸಲ ನೆಟ್ ಬಿಟ್ಟು ಅಂಗಡಿಗೇ ಹೋದೆ. ಕೌಂಟರಿನ ಹುಡುಗ ನನ್ನನ್ನ ಮೇಲಿಂದ ಕೆಳಗೆ ನೋಡಿ ನೇರ ನೇರಳೆ-ಗುಲಾಬಿ ಗೋಡೆ ಹತ್ತಿರ ಕರ್ಕೊಂಡು ಹೋದ. ಹೆಂಗಸರ ಬೋರ್ಡು ಅಂದ್ರೆ ಬರೀ ಬಣ್ಣ ಅಂತ ನಾನು ಹೇಳಲ್ಲ. ಎಷ್ಟೋ ಸಲ ಅವು ಹಗುರವಾಗಿರ್ತವೆ, ಅಗಲ ಕಡಿಮೆ ಇರತ್ತೆ. ಆದರೆ ನನ್ನ ತೂಕಕ್ಕೆ ಆ ಗೋಡೆಯಲ್ಲಿದ್ದದ್ದೆಲ್ಲ ಕೊನೇ ಸೈಜು, ಗಂಡಸರ ಗೋಡೆಯಲ್ಲಿ ನಡು ಸೈಜು. "ತೂಕ ಎಷ್ಟು?" ಅಂದ. ಈ ಸಲ ಗಂಡ ಪಕ್ಕದಲ್ಲೇ ಇದ್ದ. 148 ಪೌಂಡ್ ಅಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಆ ಅಂಗಡಿಯಲ್ಲಿ ಡೆಮೋ ಬೋರ್ಡು ಕೊಡ್ತಿದ್ರು. ಒಂದು ವಾರಾಂತ್ಯಕ್ಕೆ ಮೂರು ಬೋರ್ಡು, ಕೊಂಡ್ರೆ ಬಾಡಿಗೆ ಬೆಲೆಯಲ್ಲಿ ವಜಾ. ಇಂಥ ವ್ಯವಸ್ಥೆ ಇರೋ ಅಂಗಡಿ, ಇಲ್ಲಾ ಕೇಬಲ್ ಪಾರ್ಕು (ದೋಣಿ ಬದಲು ತಂತಿ ಎಳೆಯೋ ಜಾಗ) ಹತ್ತಿರದಲ್ಲಿದ್ರೆ ಬೇರೆಲ್ಲೂ ಕೊಳ್ಳಬೇಡಿ. ಹುಡುಗ ಕೊಟ್ಟ ಮೂರೂ ಕಂಟಿನ್ಯುಯಸ್ ರಾಕರ್. ಹೈಪರ್‌ಲೈಟ್ ಸ್ಟೇಟ್ ಎಮ್ಮೆ ಬೆನ್ನ ಮೇಲೆ ಕೂತ ಹಾಗೆ: ಎಲ್ಲಿಗೂ ಅವಸರವಿಲ್ಲ, ಬೀಳಿಸೋದೂ ಇಲ್ಲ. ಇವತ್ತೇ ಮೊದಲ ದಿನ ಅನ್ನೋರಿಗೆ ನಾನು ಅದನ್ನೇ ಹೇಳೋದು. ಲಿಕ್ವಿಡ್ ಫೋರ್ಸ್ ಟ್ರಿಪ್ ಅದಕ್ಕಿಂತ ಚುರುಕು, ಅದನ್ನೇ ತಗೊಂಡು ಬರೋದ್ರಲ್ಲಿದ್ದೆ. (ಈ ಲಿಕ್ವಿಡ್ ಫೋರ್ಸ್ ಹುಟ್ಟುಹಾಕಿದವರು ಮೇಲೆ ಹೇಳಿದ ಫಿನ್ ಮತ್ತು ರೆಡ್‌ಮನ್ ಇಬ್ಬರೇ. ಊರಿನ ಅಭಿಮಾನಕ್ಕೆ ಅದನ್ನೇ ಕೊಳ್ಳಬೇಕಿತ್ತೇನೋ.) ಭಾನುವಾರ ಬೆಳಗ್ಗೆ ಕೊನೆಗೆ ಡಿಸ್ಟ್ರಿಕ್ಟ್ ಹಾಕ್ಕೊಂಡೆ.

ಆರೂಮುಕ್ಕಾಲು ಗಂಟೆ, ನೀರು ಕನ್ನಡಿ. ಹಗ್ಗ 60 ಅಡಿ, ದೋಣಿಯ ವೇಗ ಗಂಟೆಗೆ 19 ಮೈಲಿ. ಎದ್ದದ್ದು ಮೊದಲ ಎಳೆತಕ್ಕೇ. ಅದು ಬೋರ್ಡಿನ ಗುಣವೂ ಹೌದು, ನಿಜವಾದ ಸೈಜಿನ ಗುಣವೂ ಹೌದು. ನಿಜವಾಗಿ ಗೊತ್ತಾಗಿದ್ದು ಹಿಮ್ಮಡಿ ಒತ್ತಿ ಹೊರಗೆ ಹೋಗುವಾಗ. ಹಳೇದರಲ್ಲಿ ಅಂಚು ಒತ್ತಿದ್ರೆ ಮೊದಲು ಏನೂ ಆಗ್ತಿರಲಿಲ್ಲ, ಆಮೇಲೆ ಎಲ್ಲ ಒಟ್ಟಿಗೇ ಆಗ್ತಿತ್ತು. ಇದರಲ್ಲಿ ಎಷ್ಟು ಒತ್ತಿದೆನೋ ಅಷ್ಟು. ಒಂದು ಬೆರಳಷ್ಟು ಒತ್ತಿದ್ರೆ ಒಂದು ಬೆರಳಷ್ಟು ತಿರುಗತ್ತೆ. ಹೊರಗಿಂದ ಅಲೆಯ ಕಡೆ ವಾಪಸ್ ಬರುವಾಗ ವೇಗ ಕೂಡ್ತಾ ಕೂಡ್ತಾ ಹೋಗತ್ತೆ, ಕಾಲಡಿಯಲ್ಲಿ ಸುಯ್ಯಂತ ಒಂದು ಸದ್ದು ಬರತ್ತೆ. ಅಲೆ ಹತ್ತಿದೆ, ಮಂಡಿ ನೆಟ್ಟಗೆ ಮಾಡಿದೆ, ನೀರು ಬಿಟ್ಟೆ. ಎರಡನೇ ಅಲೆ ದಾಟಲಿಲ್ಲ, ಅದರ ನೆತ್ತಿ ಮೇಲೇ ಧೊಪ್ಪಂತ ಕೂತೆ. ಬೆನ್ನುಹುರಿ ಜಣ್ ಅಂತು, ಆದರೆ ಬೀಳಲಿಲ್ಲ. ದೋಣಿಯಲ್ಲಿದ್ದೋರೆಲ್ಲ ಕಿರುಚಿದ್ರು. ನಾನೂ ಕಿರುಚಿದೆ, ಬಾಯಿಗೆ ನೀರು ನುಗ್ಗಿತು.

ಹಳೇ ವರ್ಷದ ಬಣ್ಣದ್ದಾದ್ದರಿಂದ ಬೋರ್ಡು, ಹೊಸ ಬೂಟು ಸೇರಿ 480 ಡಾಲರಿಗೆ ಸಿಕ್ತು. ಇಲ್ಲಿ ಬಣ್ಣ ಹಳೇದಾದ್ರೆ ಬೆಲೆ ಇಳಿಯತ್ತೆ, ಒಳಗಿನ ಹಲಗೆ ಬಹಳ ಸಲ ಅದೇ ಇರತ್ತೆ. ಸೀರೆ ಅಂಗಡಿಯ ಆಷಾಢದ ಲೆಕ್ಕ.

ಬೂಟು ಕೂರಿಸಿದ್ದು ಅಡುಗೆಮನೆ ನೆಲದ ಮೇಲೆ. ಯಾವ ಕಾಲು ಮುಂದೆ ಅನ್ನೋದಕ್ಕೆ ಇಲ್ಲಿಯವರು ಒಂದು ಉಪಾಯ ಹೇಳ್ತಾರೆ: ಹಿಂದಿಂದ ಯಾರಾದ್ರೂ ಗೊತ್ತಾಗದ ಹಾಗೆ ದೂಡಬೇಕು, ಆಗ ಮುಂದೆ ಬಂದ ಕಾಲೇ ಮುಂದಿನ ಕಾಲು. ನಂಗೆ ದೂಡಿಸಿಕೊಳ್ಳೋ ಅಗತ್ಯವಿರಲಿಲ್ಲ. ಮಳೆಗಾಲದಲ್ಲಿ ತೋಟದ ಸಂಕ ದಾಟುವಾಗ, ಪಾಚಿಗಟ್ಟಿದ ಮರದ ಮೇಲೆ ಮೊದಲು ಬಲಗಾಲನ್ನೇ ಇಡ್ತಿದ್ದೆ ಅನ್ನೋದು ನೆನಪಿತ್ತು. ಬಲಗಾಲು ಮುಂದಿದ್ರೆ 'ಗೂಫಿ' ಅಂತಾರೆ. ಹೆಸರು ಹಾಗಿದೆ, ಅವಮಾನವಲ್ಲ. ಇನ್ನು ಎರಡು ಕಾಲಿನ ಅಂತರ: ಸೋಫಾದಿಂದ ಕೆಳಕ್ಕೆ ಹಾರಿ, ಕಾಲು ತಾನಾಗಿ ಎಷ್ಟು ಅಗಲಕ್ಕೆ ಬಿತ್ತೋ ಅಳೆದುಕೊಂಡೆ. ನೆನೆಸಿದ ಪಾದದಲ್ಲಿ ಹಾರಿದ್ರೆ ನೆಲದ ಮೇಲೆ ಗುರುತು ಉಳಿಯತ್ತೆ, ಅಳೆಯೋದು ಸುಲಭ. ಮಗಳು ಇದನ್ನೆಲ್ಲ ವಿಡಿಯೋ ಮಾಡಿದಾಳೆ, ಎಲ್ಲಿ ಹಾಕಿದಾಳೋ ಗೊತ್ತಿಲ್ಲ.

ಕೋನ ಶುರುವಿಗೆ ಮುಂದಿನ ಕಾಲಿಗೆ 18 ಡಿಗ್ರಿ, ಹಿಂದಿನದಕ್ಕೆ ಸೊನ್ನೆ ಇಟ್ಟಿದ್ದೆ. ಜುಲೈ ಹೊತ್ತಿಗೆ ಹಿಂದಿನ ಪಾದವನ್ನೂ ಕೊಂಚ ಹೊರಗೆ ತಿರುಗಿಸಿ, ಎರಡೂ ಬೂಟನ್ನ ಬೋರ್ಡಿನ ನಡುವಿಗೆ ತಂದೆ. ಎಡಗಾಲು ಮುಂದೆ ಮಾಡಿ ಓಡಿಸೋದು ಕಲೀಬೇಕು ಅಂದ್ರೆ ಹೀಗೆ ಸಮ ಇರಬೇಕು. ಸ್ಕ್ರೂಗಳನ್ನ ಕೈಯಲ್ಲೇ ತಿರುಗಿಸಿ, ಡ್ರಿಲ್ ಮುಟ್ಟಬೇಡಿ. ಬೋರ್ಡಿನೊಳಗೆ ಕೂರಿಸಿರೋ, ಸ್ಕ್ರೂ ಹಿಡಿಯೋ ಮರೆ ಕಿತ್ತು ಬಂದ್ರೆ ಬೋರ್ಡೇ ಹೋಯ್ತು. ನೀರಿಗಿಳಿಯೋ ಮೊದಲು ಪ್ರತಿ ಸಲ ಒಮ್ಮೆ ಬಿಗಿ ನೋಡಿಕೊಳ್ಳಿ. ಹೊಸ ಬೂಟು ಎಷ್ಟು ಬಿಗಿ ಅಂದ್ರೆ ಒಣಗಾಲಲ್ಲಿ ಹೋಗೋದೇ ಇಲ್ಲ. ಪಾತ್ರೆ ತೊಳೆಯೋ ಸೋಪನ್ನ ನೀರಲ್ಲಿ ಕಲಸಿ ಒಂದು ಬಾಟಲಿ ಇಟ್ಕೊಂಡಿದ್ದೀನಿ. ಎರಡು ಸಲ ಚಿಮುಕಿಸಿದ್ರೆ ಪಾದ ಸರ್ ಅಂತ ಇಳಿಯತ್ತೆ. ಇಡೀ ದೋಣಿ ನಿಂಬೆಹಣ್ಣಿನ ವಾಸನೆ.

ಫಿನ್‌ಗಳದ್ದೂ ಒಂದು ಪಾಠ. ಬೋರ್ಡಿನಡಿಯ ಈ ರೆಕ್ಕೆಗಳು ಅದನ್ನ ಸೀದಾ ಹಿಡಿದಿಡ್ತವೆ. ಆಳವಿದ್ದಷ್ಟೂ ಹಿಡಿತ, ಆದರೆ ಬೋರ್ಡನ್ನ ನೀರ ಮೇಲೆ ಅಡ್ಡ ಜಾರಿಸೋಕೆ ಬಿಡಲ್ಲ. ಕಳಚಬಹುದಾದವನ್ನ ಮೊದಲ ಎರಡು ತಿಂಗಳು ಹಾಗೇ ಬಿಟ್ಟಿದ್ದೆ, ಆಮೇಲೆ ಕೆಲವನ್ನ ಬಿಚ್ಚಿದೆ. ಬಿಚ್ಚಿದ ದಿನ ಐಸಿನ ಮೇಲೆ ನಡೆದ ಹಾಗಿತ್ತು, ಮೂರನೇ ದಿನಕ್ಕೆ ವಾಪಸ್ ಹಾಕೋಕೆ ಮನಸ್ಸಾಗಲಿಲ್ಲ. ಕಲೀತಾ ಹೋದ ಹಾಗೆ ಬೋರ್ಡನ್ನೂ ಬದಲಿಸ್ತಾ ಹೋಗಬಹುದು ಅನ್ನೋದು ಈ ಡಿಸ್ಟ್ರಿಕ್ಟ್ ಬಗ್ಗೆ ನಂಗೆ ತುಂಬ ಹಿಡಿಸಿದ್ದು.

ಹಿಡಿಸದ್ದು? ದೂರು ಅನ್ನೋದಕ್ಕಿಂತ ಆಕಾರದ ಗುಣ ಅಂತಲೇ ಹೇಳಬೇಕು. ಕಂಟಿನ್ಯುಯಸ್ ರಾಕರ್ ನಿಮ್ಮನ್ನ ತಾನಾಗಿ ಎತ್ತಿ ಎಸೆಯಲ್ಲ. ಎತ್ತರ ಬೇಕಾದ್ರೆ ದುಡಿಯಬೇಕು: ಅಲೆಗೆ ನಿಧಾನವಾಗಿ ಶುರು ಮಾಡಿ, ಹತ್ತಿರ ಬಂದ ಹಾಗೆ ಅಂಚನ್ನ ಇನ್ನಷ್ಟು, ಇನ್ನಷ್ಟು ಒತ್ತಿ, ನೆತ್ತಿಯಲ್ಲಿ ಕಾಲು ನೆಟ್ಟಗೆ ಮಾಡಬೇಕು. ಸೋಮಾರಿ ಮಾಡಿದ್ರೆ ಉದ್ದಕ್ಕೆ ಹೋಗ್ತೀರಿ, ಎತ್ತರಕ್ಕಲ್ಲ. ನಂಗೆ ಕಲಿಸಿದ್ದೂ ಅದೇ. ಆಗಸ್ಟ್ ಕೊನೆಗೆ, 65 ಅಡಿ ಹಗ್ಗ, 20 ಮೈಲಿ ವೇಗದಲ್ಲಿ ಹಿಮ್ಮಡಿ ಕಡೆಯಿಂದ ಎರಡೂ ಅಲೆ ದಾಟಿದೆ. ಬೆರಳ ಕಡೆಯಿಂದ ಇನ್ನೂ ಹತ್ತಕ್ಕೆ ಎರಡು. ಅದಕ್ಕೆ ಬೋರ್ಡನ್ನ ಬೈಯೋ ಹಾಗಿಲ್ಲ.

ಕೇಬಲ್ ಪಾರ್ಕಿಗೆ ಹೋಗೋರಿಗೆ ಒಂದು ಮಾತು. ಅಲ್ಲಿ ದೋಣಿ ಇಲ್ಲ. ಕಂಬಗಳ ನಡುವೆ ಸುತ್ತೋ ತಂತಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಎಳೆಯತ್ತೆ, ಎಳೆತ ಮೇಲಿಂದ ಬರತ್ತೆ, ಅಲೆ ಇರಲ್ಲ. ಬದಲಿಗೆ ಜಾರೋಕೆ ಪ್ಲಾಸ್ಟಿಕ್ ಇಳಿಜಾರು, ಕಂಬಿಗಳಿರ್ತವೆ. ಅಲ್ಲಿಗೆ ಬೇರೆ ಜಾತಿಯ ಬೋರ್ಡು ಬೇಕು: ಬಗ್ಗುವಂಥದ್ದು, ಅಡಿಗೆ ಉಜ್ಜಿದ್ರೂ ತಾಳೋ ಗಟ್ಟಿ ತಳ ಇರೋದು, ಫಿನ್ ಇಲ್ಲದ್ದು. ದೋಣಿಯ ಬೋರ್ಡನ್ನ ಕಂಬಿ ಮೇಲೆ ಉಜ್ಜಿದ್ರೆ ತಳ ಹರಿಯತ್ತೆ, ವಾರಂಟಿ ಕೇಳೋ ಹಾಗೂ ಇಲ್ಲ. ವಾರಕ್ಕೆ ನಾಲ್ಕು ದಿನ ಪಾರ್ಕು, ತಿಂಗಳಿಗೊಮ್ಮೆ ದೋಣಿ ಅನ್ನೋರಿಗೆ ಮೇಲೆ ಬರೆದದ್ದರಲ್ಲಿ ತೂಕದ ಮಾತೊಂದೇ ಉಪಯೋಗಕ್ಕೆ ಬರೋದು.

ಟೆಕ್ಸಸ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬೋರ್ಡು ಬಿಡಬೇಡಿ, ಬೂಟಿನ ಅಂಟು ಬಿಡತ್ತೆ. ಕೆರೆಯಿಂದ ಕೆರೆಗೆ ಹೋಗುವಾಗ ಎಲ್ಲ ಒಣಗಿಸಿ. 2017ರಿಂದ ಲೇಕ್ ಟ್ರಾವಿಸ್‌ನಲ್ಲಿ ಜೀಬ್ರಾ ಮಸಲ್ ಅನ್ನೋ ಪುಟ್ಟ ಚಿಪ್ಪುಜೀವಿ ಸೇರಿಕೊಂಡಿದೆ, ನೀರಿನ ಜೊತೆ ಎಲ್ಲಿಗೆ ಬೇಕಾದ್ರೂ ಹೊರಡತ್ತೆ. ಟ್ರಾವಿಸ್‌ನಲ್ಲಿ ನೀರು ಇಳಿದ ವರ್ಷ ದಡದ ಹತ್ತಿರ ಹೋಗೋಕೆ ನಾನು ಒಪ್ಪಲ್ಲ. ಇಳಿದಾಗ ಮಾತ್ರ ತಲೆ ಎತ್ತೋ 'ಸಮ್‌ಟೈಮ್ಸ್ ಐಲ್ಯಾಂಡ್ಸ್' ಅನ್ನೋ ದಿಬ್ಬಗಳೇ ಅಲ್ಲಿವೆ. ದೋಣಿಯವರು ನಗ್ತಾರೆ. ಅವರು ತುಮರಿಗೆ ಅಜ್ಜಿಮನೆಗೆ ಅಂತ ಲಾಂಚಲ್ಲಿ ಶರಾವತಿ ಹಿನ್ನೀರು ದಾಟಿದವರಲ್ಲ, ಬೇಸಿಗೆಯಲ್ಲಿ ನೀರಿಂದ ಏಳೋ ಬೋಳು ಮರದ ಬೊಡ್ಡೆ ನೋಡಿದವರಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆಯೂ ಆಯ್ತು, ಇನ್ನು ಮಗಳಿಗೆ ತೋರಿಸೋಣ ಅಂದ್ರೆ ಕಾರಲ್ಲೇ ದಾಟಿಬಿಡ್ತೀವಿ.

ಹಳೇ ಬೋರ್ಡು ಇನ್ನೂ ಗ್ಯಾರೇಜಲ್ಲಿದೆ. 128 ಸೆಂಟಿಮೀಟರ್, ತ್ರೀ-ಸ್ಟೇಜ್, ಬಲಗಡೆ ಅಂಚಲ್ಲಿ ಒಂದು ಗೀರು ಬಿಟ್ರೆ ಹೊಸದರ ಹಾಗಿದೆ. ಆಸ್ಟಿನ್ ಸುತ್ತಮುತ್ತ 60 ಕೆ.ಜಿ ಒಳಗಿನವರು, ಆಗಲೇ ಎರಡು ಅಲೆ ದಾಟೋಕೆ ಬರೋರು ಯಾರಾದ್ರೂ ಇದ್ರೆ 120 ಡಾಲರಿಗೆ ಕೊಡ್ತೀನಿ. ಬೂಟು ಕೊಡಲ್ಲ, ಅದನ್ನ ಕಸಕ್ಕೆ ಹಾಕಿಯಾಯ್ತು. ಬರುವಾಗ ತೂಕ ನೋಡಿಕೊಂಡು ಬನ್ನಿ, ಇಲ್ಲಾಂದ್ರೆ ನಮ್ಮನೆ ಬಚ್ಚಲಲ್ಲೇ ತಕ್ಕಡಿ ಇದೆ.